ಬಾಕ್ಸನ್ನೂ ಅಲ್ಲಾಡಿಸಿ ನೋಡಿದ ಅತ್ತೆ

ಹೋದ ವರ್ಷ ತೀರಿಕೊಂಡ ಮಾವ ಟಿ.ವಿ. ಪರದೆಯ ಮೇಲೆ, ನಮ್ಮ ಶೆಟ್ಟಿಕೆರೆ ಮನೆಯ ಅಟ್ಟದಲ್ಲಿ ಕೂತಿದ್ದರು. ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೇ ಎಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಸದ್ದೇ ಇಲ್ಲ! ಮೊಬೈಲಿನಲ್ಲಿ ಚೆನ್ನಾಗಿ ಕೇಳುವ ವಿಡಿಯೊ ಟಿ.ವಿ. ಬಾಕ್ಸ್‌ನಲ್ಲಿ ಮೂಕ. ವೈರು ಕಿತ್ತು ಸಿಕ್ಕಿಸಿದೆ, ರಿಮೋಟ್ ಕುಕ್ಕಿದೆ.

ಅತ್ತೆ ಬಾಕ್ಸನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿ, “ಇನ್ನೂ ಬಿಟ್ಕಂಡಿಲ್ಲ ಕಣೇ” ಎಂದರು. ಸಿಡುಕಿ ಕಿತ್ತುಕೊಂಡೆ.

ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಫಾರ್ಮ್ಯಾಟ್ ಬದಲಿಸಿ ‘ಸ್ಟೀರಿಯೊ’ ಒತ್ತಿದೆ. ಕಾಯೊಳಗೆ ಕೊಬ್ಬರಿ ಲೊಡಲೊಡ ಎಂದಿತು. ಹಿಂದೆಯೇ ಮಾವನ ದನಿ: “ಆಗೈತೆ, ಇಳಿಸ್ರಿ.”

ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಇನ್ನೂ ಹದಿನೈದು ದಿನ ಬೇಕಿತ್ತು. ಅವ್ರಿಗೆ ಎಲ್ಲದಕ್ಕೂ ಆತುರ.”

ಈಗ ರಿಮೋಟ್ ಅತ್ತೆಯ ಕೈಯಲ್ಲಿರುತ್ತದೆ. ಕಾಯಿ ಅಲ್ಲಾಡುವವರೆಗೆ ನೋಡುತ್ತಾರೆ. ಮಾವ ‘ಇಳಿಸ್ರಿ’ ಅನ್ನುವ ಮೊದಲೇ ನಿಲ್ಲಿಸಿಬಿಡುತ್ತಾರೆ.