‘ಚೆಂಡು ಬರ್ತಿದೆ’ ಎಂದವನ ಮಾತು

ಶಿಮಿಜು ಬಂದರಿನ ಚಿದೊರಿ ಬೇಸ್‌ಬಾಲ್ ತಂಡದ ಚರಿತ್ರೆಯಲ್ಲಿ, ಬೇರೆಯವರು ಕೆಡಿಸಿಟ್ಟ ಪಂದ್ಯವನ್ನು ಕೊನೆಯ ಇನ್ನಿಂಗ್ಸುಗಳಲ್ಲಿ ಕೈಗೆತ್ತಿಕೊಂಡು ದಡ ಸೇರಿಸುವ ಬದಲಿ ಎಸೆತಗಾರರ ಸಾಲಿನಲ್ಲಿ, ಶ್ರೀ ನಿರಾಸಾವಾ ಮೊರಿಯೊ ಅವರಿಗೆ ಸಮನಾದವರು ಅವರಿಗಿಂತ ಮೊದಲೂ ಇರಲಿಲ್ಲ, ಅನಂತರವೂ ಬರಲಿಲ್ಲ. ಒಂಬತ್ತು ವರ್ಷ ತಂಡಕ್ಕಾಗಿ ಎಸೆದು, ಇಪ್ಪತ್ತೆಂಟು ವರ್ಷ ತಂಡದ ಕಿರಿಯ ಆಟಗಾರರ ವಸತಿಗೃಹವನ್ನು ನಡೆಸಿ, ಅವರು ಈ ಮಾರ್ಚಿನಲ್ಲಿ ನಿವೃತ್ತರಾಗುತ್ತಿದ್ದಾರೆ. ಅರವತ್ತು ತುಂಬಿದವರಿಗೆ ತೊಡಿಸುವ ಕೆಂಪು ಅಂಗಿಯನ್ನು ಆಡಳಿತ ಮಂಡಳಿಯವರು ಈಗಾಗಲೇ ಹೊಲಿಸಿದ್ದಾರೆ ಎಂದು ಕೇಳಿದ್ದೇನೆ. ತುಂಬ ಸಂತೋಷ.

ಅವರಿಗೆ ಅರ್ಪಿಸಲಿರುವ ಈ ಅಭಿನಂದನಾ ಸಂಪುಟದ ಸಮಿತಿಯವರು ನನಗೆ ಪತ್ರ ಬರೆದು, ‘ಆಗುವುದಿಲ್ಲ ಎಂದು ಎಂದೂ ಅನ್ನದ ನಿರಾಸಾವಾ’ ಎಂಬ ವಿಷಯವಾಗಿ ಐದು ಪುಟ ಬರೆಯಬೇಕೆಂದು ಕೋರಿದ್ದಾರೆ. ಅದರಲ್ಲಿ ಏನೇನು ಬರಬೇಕೆಂಬುದನ್ನೂ ಅವರೇ ಎರಡು ಪುಟ ಬರೆದು ಕಳಿಸಿ ನನ್ನ ಶ್ರಮವನ್ನು ಹಗುರ ಮಾಡಿದ್ದಾರೆ. ಆದರೆ ವಿಷಯವೇ ತಪ್ಪು. ನಿರಾಸಾವಾ ಅವರು ಒಂದೇ ಒಂದು ಸಲ ಆಗುವುದಿಲ್ಲ ಎಂದರು. ಅಂದದ್ದು ನನ್ನ ಬಳಿ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬರೆದರೆ ನಾನು ಎರಡನೆಯ ಸಲ ಸುಳ್ಳು ಹೇಳಿದಂತಾಗುತ್ತದೆ.

ನಾನು ಯಾರೆಂದು ಓದುಗರಿಗೆ ಗೊತ್ತಿರುವ ಸಂಭವವಿಲ್ಲ. ಹದಿನಾಲ್ಕು ವರ್ಷ ನಾನು ಚಿದೊರಿಯ ಬುಲ್‌ಪೆನ್ನಿನಲ್ಲಿ, ಅಂದರೆ ಮೈದಾನದ ಅಂಚಿನ ತಗಡಿನ ಸೂರಿನ ಕೆಳಗೆ, ಬದಲಿ ಎಸೆತಗಾರರು ಮೈ ಬಿಸಿ ಮಾಡಿಕೊಳ್ಳಲು ಎಸೆಯುವ ಚೆಂಡುಗಳನ್ನು ಹಿಡಿಯುವ ಕೆಲಸದಲ್ಲಿದ್ದೆ. ಒಂದು ಪಂದ್ಯವನ್ನೂ ಆಡಲಿಲ್ಲ. ತೊಕುಮಾರು ಎಂಬ ಹೆಸರು ಯಾವ ಫಲಕದ ಮೇಲೂ ಬರಲಿಲ್ಲ. ಹಿಡಿಯುವವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬಿಟ್ಟರೆ ಮಾತ್ರ ಬೈಯುತ್ತಾರೆ.

ಮೀನು ಡಬ್ಬಿ ಕಾರ್ಖಾನೆಯ ತಂಡದಿಂದ ನಿರಾಸಾವಾ ಅವರು ನಮ್ಮಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಮೊದಲ ದಿನವೇ ಬ್ಯಾಟಿನ ಮುಂದೆ ಬಂದು ದಿಢೀರನೆ ಕುಸಿಯುವ ಅವರ ಚೆಂಡು ನನ್ನ ಮೊಣಕಾಲಿಗೆ ಬಡಿಯಿತು. ಓಡಿಬಂದು ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ನಾನು ತಮಾಷೆಗೆ, ‘ಎಸೀತೀಯೋ, ಕೊಲ್ತೀಯೋ ಮಾರಾಯ?’ ಎಂದೆ. ‘ಇನ್ನೂ ಗೊತ್ತಿಲ್ಲ ಅಣ್ಣ, ಕಲೀತಾ ಇದೀನಿ’ ಎಂದರು. ಅಂದಿನಿಂದ ನಾನು ಅವರಿಗೆ ಅಣ್ಣನಾದೆ, ಯೋಗ್ಯತೆ ಇತ್ತೋ ಇಲ್ಲವೋ.

ನಮ್ಮವರ ಬಾಯಲ್ಲಿ ‘ಭುಜ ಕಟ್ಟುವುದು’ ಎಂಬ ಮಾತಿದೆ. ಪಂದ್ಯ ಬಿಗಡಾಯಿಸುತ್ತದೆ ಅನ್ನಿಸಿದ ಕೂಡಲೇ ಮುಖ್ಯ ತರಬೇತುದಾರರು ಬುಲ್‌ಪೆನ್ನಿಗೆ ಫೋನು ಮಾಡಿಸುತ್ತಾರೆ; ಬದಲಿ ಎಸೆತಗಾರ ಎದ್ದು ಮೂವತ್ತು ನಲವತ್ತು ಚೆಂಡು ಎಸೆದು ಭುಜವನ್ನು ಸಿದ್ಧ ಮಾಡಿಕೊಳ್ಳಬೇಕು. ಅಷ್ಟರಲ್ಲಿ ಅಪಾಯ ಕಳೆದರೆ ‘ಕೂರಿಸು’ ಎಂದು ಮತ್ತೊಂದು ಫೋನು. ಅಂದಿನ ಮುಖ್ಯ ತರಬೇತುದಾರ ದಿವಂಗತ ಶಿಬಾಹಾರಾ ಅವರು ಬಹಳ ಬೇಗ ಗಾಬರಿಯಾಗುವ ಮನುಷ್ಯ. ಗಾಬರಿಯಾದಾಗಲೆಲ್ಲ ಅವರಿಗೆ ಬಾಯಿಗೆ ಬರುತ್ತಿದ್ದ ಹೆಸರು ಒಂದೇ. ನಿರಾಸಾವಾ ಒಂದೇ ಪಂದ್ಯದಲ್ಲಿ ಮೂರು ಸಲ ಭುಜ ಕಟ್ಟಿ, ಮೂರು ಸಲ ಕೂತು, ಮೈದಾನಕ್ಕೆ ಕಾಲಿಡದೆಯೇ ಬೆವರು ಒರೆಸಿಕೊಂಡು ಮನೆಗೆ ಹೋದ ದಿನಗಳು ಎಷ್ಟೋ. ಮರುದಿನದ ದಾಖಲೆಯಲ್ಲಿ ‘ವಿಶ್ರಾಂತಿ’ ಎಂದಿರುತ್ತಿತ್ತು. ನಿನ್ನೆ ವಿಶ್ರಾಂತಿ ಸಿಕ್ಕಿದೆಯಲ್ಲ ಎಂದು ಇವತ್ತು ಅವರನ್ನೇ ಇಳಿಸುತ್ತಿದ್ದರು. ಈ ಸಂಪುಟದ ಕೊನೆಯಲ್ಲಿ ಅಂದವಾಗಿ ಅಚ್ಚಾಗಿರುವ ಕೋಷ್ಟಕದಲ್ಲಿ ಇದೇ ವಿಶ್ರಾಂತಿ ಇದೆ, ದಯವಿಟ್ಟು ನೋಡಿ.

ಅವರು ನನಗೆ ಮಾಡಿದ ಉಪಕಾರವೊಂದನ್ನು ಹೇಳಲೇಬೇಕು. ಅವರ ಐದನೆಯ ವರ್ಷ, ಜುಲೈಯಲ್ಲಿ, ಹಿಡಿಯುವಾಗ ನನ್ನ ಎಡಗೈ ತೋರುಬೆರಳಿನ ಮೂಳೆ ಬಿರುಕು ಬಿಟ್ಟಿತು. ವರ್ಷ ವರ್ಷವೂ ಕರಾರು ನವೀಕರಿಸಿಕೊಂಡು ಬದುಕುವವನು ನಾನು. ಬೆರಳು ಮುರಿದವನಿಗೆ ಮುಂದಿನ ಕರಾರು ಯಾರು ಕೊಡುತ್ತಾರೆ? ಯಾರಿಗೂ ಹೇಳದೆ ಬಟ್ಟೆ ಸುತ್ತಿಕೊಂಡು ಕೂತೆ. ನಿರಾಸಾವಾ ನಾಲ್ಕು ಚೆಂಡು ಎಸೆದು, ನಿಂತು, ನನ್ನ ಮುಖ ನೋಡಿದರು. ಐದನೆಯ ಚೆಂಡಿನಿಂದ ಮೂರು ವಾರಗಳ ಕಾಲ ಪ್ರತಿಯೊಂದನ್ನೂ ನನ್ನ ಅಂಗೈಯ ಬುಡಕ್ಕೇ, ಬೆರಳಿಗೆ ತಾಗದ ಹಾಗೆ, ಎಸೆದರು. ಎಸೆತದ ತರಬೇತುದಾರರು ‘ಏನಯ್ಯ, ಎಲ್ಲಾ ಒಂದೇ ಕಡೆ ಹಾಕ್ತೀಯ?’ ಎಂದು ಗದರಿದರೆ, ‘ಗುರಿ ಕಲೀತಿದೀನಿ ಸಾರ್’ ಎಂದು ಬೈಗುಳ ತಿಂದರು. ಆ ವರ್ಷದ ನನ್ನ ಅನ್ನ ಅವರದು.

ಬುಲ್‌ಪೆನ್ನಿನಲ್ಲಿ ಇನ್ನೊಂದು ಕಟ್ಟಳೆ ಇತ್ತು. ಎಸೆತಗಾರ ತನ್ನ ಬಾಯಿಂದ ನೋವಿದೆ ಎನ್ನುವಂತಿಲ್ಲ. ಕೇಳಿದರೆ ‘ಹೋಗ್ತೀನಿ’ ಎಂದೇ ಹೇಳಬೇಕು. ಆದ್ದರಿಂದ ಅವನನ್ನು ಕೇಳುತ್ತಿರಲಿಲ್ಲ. ಫೋನಿನಲ್ಲಿ ಹಿಡಿಯುವವನನ್ನು ಕೇಳುತ್ತಿದ್ದರು: ‘ಹೇಗಿದೆ?’ ಚೆಂಡು ಚೆನ್ನಾಗಿ ಬರುತ್ತಿದ್ದರೆ ‘ಬರ್ತಿದೆ’, ಇಲ್ಲದಿದ್ದರೆ ‘ಬರ್ತಿಲ್ಲ’. ಬರ್ತಿಲ್ಲ ಎಂದರೆ ಬೇರೊಬ್ಬನನ್ನು ಇಳಿಸುವರು, ಎಸೆತಗಾರನ ಮಾನವೂ ಉಳಿಯುವುದು. ಆಗುವುದಿಲ್ಲ ಎನ್ನುವ ಹಕ್ಕು ಆ ಸೂರಿನ ಕೆಳಗೆ ಒಬ್ಬನಿಗೇ ಇತ್ತು. ಆ ಒಬ್ಬ ನಾನು.

ಅವರ ಒಂಬತ್ತನೆಯ ವರ್ಷದ ಜೂನಿನಲ್ಲಿ ನಾನು ಬೇರೊಬ್ಬ ಎಸೆತಗಾರನ ವಿಷಯದಲ್ಲಿ ಬರ್ತಿಲ್ಲ ಎಂದೆ. ಅವತ್ತು ಪಂದ್ಯ ಸೋತೆವು. ಮರುದಿನ ಊಟದ ಕೋಣೆಯಲ್ಲಿ ಎಲ್ಲರೆದುರಿಗೆ ಶಿಬಾಹಾರಾ ನನ್ನನ್ನು ಕೇಳಿದರು: ‘ಏನಯ್ಯ ತೊಕುಮಾರು, ಚೆಂಡು ಬರ್ತಿಲ್ವೋ, ನಿನಗೆ ಹಿಡಿಯಕ್ಕೆ ಬರ್ತಿಲ್ವೋ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಅನ್ನದ ಬಟ್ಟಲು ಕೆಳಗಿಟ್ಟವರು ನಿರಾಸಾವಾ ಒಬ್ಬರೇ.

ಅದೇ ವರ್ಷ ಅಕ್ಟೋಬರಿನಲ್ಲಿ, ಗೆದ್ದರೆ ಲೀಗಿನ ಪ್ರಶಸ್ತಿ ಎಂಬ ಪಂದ್ಯ. ನಾಲ್ಕನೆಯ ಇನ್ನಿಂಗ್ಸಿನಲ್ಲಿ ಅವರು ಭುಜ ಕಟ್ಟಿ ಕೂತರು. ಆರರಲ್ಲಿ ಮತ್ತೆ ಕಟ್ಟಿ ಮತ್ತೆ ಕೂತರು. ಎಂಟರಲ್ಲಿ ಮೂರನೆಯ ಸಲ ಎದ್ದು ಹತ್ತು ಚೆಂಡು ಎಸೆಯುವಷ್ಟರಲ್ಲಿ, ಚೆಂಡು ಸತ್ತು ಬರುತ್ತಿರುವುದು ನನ್ನ ಅಂಗೈಗೆ ಗೊತ್ತಾಯಿತು. ಅವರು ನನ್ನ ಹತ್ತಿರ ನಡೆದು ಬಂದರು.

‘ಅಣ್ಣ, ಮೊಣಕೈ ಒಳಗೆ ಏನೋ ಕಿತ್ತ ಹಾಗಿದೆ. ಬೆರಳಿಗೆ ಚೆಂಡು ಗೊತ್ತಾಗ್ತಿಲ್ಲ. ಇವತ್ತು ಆಗಲ್ಲ. ಬರ್ತಿಲ್ಲ ಅಂದ್ಬಿಡಿ.’

‘ಹೂಂ’ ಎಂದೆ.

ಫೋನು ಬಂತು. ಶಿಬಾಹಾರಾ ಅವರೇ ಹಿಡಿದಿದ್ದರು. ‘ಹೇಗಿದೆ?’

ನನ್ನ ಹೆಂಡತಿ ಆಗ ಬಸುರಿ. ಕರಾರಿನ ಮಾತು ಮುಂದಿನ ತಿಂಗಳು. ಇವೆಲ್ಲ ನೆವಗಳು, ನಿಜವಾದ ಕಾರಣ ಊಟದ ಕೋಣೆಯ ಆ ನಗು. ಅದನ್ನು ಇನ್ನೊಂದು ಸಲ ಕೇಳುವ ಧೈರ್ಯ ನನಗಿರಲಿಲ್ಲ. ‘ಬರ್ತಿದೆ’ ಎಂದೆ.

ನಿರಾಸಾವಾ ಟೋಪಿ ಸರಿಮಾಡಿಕೊಂಡು ಮೈದಾನಕ್ಕೆ ಹೋದರು. ಎಂಟನೆಯ ಮತ್ತು ಕೊನೆಯದಾದ ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಇಪ್ಪತ್ತಮೂರು ಚೆಂಡು ಎಸೆದರು. ಒಂದು ಓಟದಿಂದ ನಾವು ಗೆದ್ದೆವು. ಈ ಸಂಪುಟದ ಮುಖಪುಟದಲ್ಲಿರುವುದು ಆ ಕ್ಷಣದ ಚಿತ್ರ: ಎಲ್ಲರೂ ಕೈ ಮೇಲೆತ್ತಿ ಕುಣಿಯುತ್ತಿದ್ದಾರೆ, ನಿರಾಸಾವಾ ಮಾತ್ರ ಬಲ ಮೊಣಕೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದಾರೆ. ಸಮಿತಿಯವರು ಅದರ ಕೆಳಗೆ ‘ವಿನಯ’ ಎಂದು ಅಚ್ಚು ಹಾಕಿಸಿದ್ದಾರೆ. ಅದು ವಿನಯವಲ್ಲ, ಸ್ವಾಮಿ. ಕೈ ಏಳುತ್ತಿರಲಿಲ್ಲ. ಎರಡು ಶಸ್ತ್ರಚಿಕಿತ್ಸೆಯಾಯಿತು, ಎರಡು ವರ್ಷ ಕಾದರು. ಮತ್ತೆಂದೂ ಅವರು ಎಸೆಯಲಿಲ್ಲ. ಅವರಿಗಾಗ ಇಪ್ಪತ್ತೊಂಬತ್ತು. ನನ್ನ ಕರಾರು ನವೀಕರಣವಾಯಿತು.

ಆಮೇಲೆ ಅವರಿಗೆ ವಸತಿಗೃಹದ ಹೊಣೆ ವಹಿಸಿದರು. ಆಡಳಿತದವರು ಅದನ್ನು ಔದಾರ್ಯ ಎನ್ನುತ್ತಾರೆ, ಅನ್ನಲಿ. ಅಲ್ಲಿ ಅವರು ಮಾಡಿದ ಕೆಲಸ ಯಾವ ವರದಿಯಲ್ಲೂ ಇಲ್ಲ. ಬೆಳಗಿನ ಊಟದ ಹೊತ್ತಿಗೆ ಎಸೆತಗಾರರ ಮುಂದೆ ನಿಂತು, ಯಾರು ಸೂಪಿನ ಬಟ್ಟಲನ್ನು ಎತ್ತದೆ ತಲೆ ತಗ್ಗಿಸಿ ಕುಡಿಯುತ್ತಾರೆ, ಯಾರ ಊಟದ ಕಡ್ಡಿಯಿಂದ ಮೀನು ಜಾರುತ್ತದೆ ಎಂದು ನೋಡಿ, ಕೈ ನೋಯುತ್ತಿರುವವರನ್ನು ಗುರುತಿಸುತ್ತಿದ್ದರು. ಆಮೇಲೆ ತರಬೇತುದಾರರಿಗೆ ಫೋನು: ‘ಆ ಹುಡುಗನಿಗೆ ಹೊಟ್ಟೆ ಕೆಟ್ಟಿದೆ ಸಾರ್, ನನ್ನ ಅಡುಗೆಯದೇ ತಪ್ಪು. ನಾಲ್ಕು ದಿನ ಬಿಟ್ಟುಬಿಡಿ.’ ಹೀಗೆ ವರ್ಷಾನುಗಟ್ಟಲೆ ಹೊಟ್ಟೆಗಳು ಕೆಟ್ಟವು. ಆಡಳಿತದವರು ಎರಡು ಸಲ ಅಡುಗೆಮನೆಯ ತಪಾಸಣೆ ಮಾಡಿಸಿ ಅವರಿಗೆ ಎಚ್ಚರಿಕೆ ಪತ್ರ ಕೊಟ್ಟರು. ಆ ಹುಡುಗರಲ್ಲಿ ಹಲವರು ಮೂವತ್ತೈದು ದಾಟಿಯೂ ಎಸೆಯುತ್ತಿದ್ದಾರೆ.

ಕಳೆದ ತಿಂಗಳು, ಸಮಿತಿಯ ಪತ್ರ ಬಂದ ಮೇಲೆ, ಅವರ ಮನೆಗೆ ಹೋದೆ. ಎಡಗೈಯಲ್ಲೇ ಚಹಾ ಬಗ್ಗಿಸಿಕೊಟ್ಟರು. ಮೂವತ್ತು ವರ್ಷ ಆಡದ ಮಾತನ್ನು ಆಡಿದೆ.

‘ಮೊರಿಯೊ, ಅವತ್ತು ಫೋನಲ್ಲಿ ನಾನು ಬರ್ತಿದೆ ಅಂದೆ.’

‘ಗೊತ್ತು ಅಣ್ಣ. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ನಲ್ಲ, ಕೇಳಿಸ್ತು.’

‘ಕೇಳಿಸ್ಕೊಂಡೂ ಯಾಕೆ ಹೋದೆ? ನನ್ನ ಕೆನ್ನೆಗೆ ಬಾರಿಸಿ ಅಲ್ಲೇ ಕೂತ್ಕೋಬೇಕಿತ್ತು.’

ಅವರು ತಮ್ಮ ಚಹಾದ ಬಟ್ಟಲನ್ನು ಕೆಳಗಿಟ್ಟರು. ‘ಒಂಬತ್ತು ವರ್ಷ ನನ್ನ ಚೆಂಡು ಹಿಡಿದೋರು ನೀವು. ನೀವೇ ಬರ್ತಿದೆ ಅಂದ್ರಲ್ಲ, ಹಾಗಿದ್ರೆ ಬರ್ತಿರಬೇಕು, ನೋವು ನನ್ನ ಹೆದರಿಕೆ ಇರಬೇಕು ಅಂದ್ಕೊಂಡೆ. ನಿಮ್ಮನ್ನ ನಂಬಿದೆ.’

ಮೂವತ್ತು ವರ್ಷ ನಾನು ಅವರ ಸಿಟ್ಟಿಗೆ ತಯಾರಾಗಿದ್ದೆ. ಇದಕ್ಕೆ ಆಗಿರಲಿಲ್ಲ. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ‘ಬರೀರಿ. ಈಗ ಹಿಡಿಯೋ ಹುಡುಗರು ಓದ್ಲಿ’ ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ಶ್ರೀ ನಿರಾಸಾವಾ ಮೊರಿಯೊ ಅವರಿಗೆ ದೀರ್ಘಾಯುಷ್ಯವಿರಲಿ. ಶ್ರೀಮತಿಯವರೊಡನೆ ಆರೋಗ್ಯದಿಂದ, ನೆಮ್ಮದಿಯಿಂದ ಬಾಳಲಿ. ಅವರು ಬಿಟ್ಟುಹೋಗುವ ಅಡುಗೆಮನೆಯಿಂದ ಇನ್ನೂ ಬಹಳ ಹುಡುಗರ ಹೊಟ್ಟೆ ಕೆಡಲಿ. ಮತ್ತು ಇನ್ನೆಂದಾದರೂ ಅವರು ನೋಯುತ್ತಿದೆ ಎಂದು ಬಾಯಿ ಬಿಟ್ಟು ಹೇಳಿದರೆ, ಆ ಹೊತ್ತಿನಲ್ಲಿ ಅವರ ಪಕ್ಕದಲ್ಲಿ ನನ್ನಂಥವನು ಇರದಿರಲಿ.