ಮೊದಲು ಚಾಚಿದ ತೋಳು

ಬಾಗೂರು ಕಡೆಯ ಶಾಲೆಯೊಂದರಲ್ಲಿ ನಾನು ಐದನೇ ತರಗತಿಯ ಮೇಷ್ಟ್ರಾಗಿದ್ದಾಗ, ಹತ್ತು ವರ್ಷದ ಮಕ್ಕಳಿಗೆ ಧನುರ್ವಾಯು, ಗಂಟಲುಮಾರಿಯ ಬೂಸ್ಟರ್ ಚುಚ್ಚುಮದ್ದು ಹಾಕಲು ಆಸ್ಪತ್ರೆಯಿಂದ ಸಿಸ್ಟರ್ ಬಂದರು. ಇದನ್ನು ಬಹಳ ಸಲ ಹೇಳಿದ್ದೇನೆ, ಪ್ರತಿಸಲವೂ ಒಂದೇ ಥರ. ಮಕ್ಕಳು ಹೆದರಿ ಗೋಡೆಗೆ ಅಂಟಿದ್ದರು. ಊರಾಚೆಯ ಕಾಲೋನಿಯ ಹುಡುಗಿಯೊಬ್ಬಳು ಧೈರ್ಯವಂತೆ, ಅವಳನ್ನು ಮೊದಲು ಕರೆದೆ. ಅವಳು ಅಳಲಿಲ್ಲ. ಉಳಿದವರು ಸಾಲಾಗಿ ಬಂದರು. ಕೇಳಿದವರು ಮೆಚ್ಚುತ್ತಾರೆ.

ಆ ಕತೆಯಲ್ಲಿ ಶಾಲೆಯ ಗೇಟು ಬರುವುದಿಲ್ಲ. ಗೇಟಿನಾಚೆ ಊರೊಳಗಿನ ತಾಯಂದಿರು ನಿಂತಿದ್ದರು. ಎಲ್ಲೋ ಸೂಜಿ ಹಾಕಿಸಿಕೊಂಡ ಮಗು ಪ್ರಜ್ಞೆ ತಪ್ಪಿ ಬಿದ್ದಿತೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಓಡಾಡುತ್ತಿತ್ತು.

"ಮೊದ್ಲು ಯಾರ್ಗಾದ್ರೂ ಆಕ್ಸಿ ಮೇಷ್ಟ್ರೇ. ನೋಡ್ಕಂಡು ನಮ್ ಮಕ್ಳನ್ನ ಕಳುಸ್ತೀವಿ," ಎಂದಳು ಒಬ್ಬಾಕೆ.

ಯಾರಿಗೆ ಎಂದು ನಾನು ಕೇಳಲಿಲ್ಲ. ನನ್ನ ಮಗಳೂ ಅದೇ ತರಗತಿಯಲ್ಲಿ, ಎರಡನೇ ಬೆಂಚಿನಲ್ಲಿ ಕೂತಿದ್ದಳು. ನನ್ನ ಕಣ್ಣು ಅವಳನ್ನು ದಾಟಿ ಹೋಯಿತು. ಕಾಲೋನಿಯ ಹುಡುಗಿಯ ಅವ್ವ ಆಲೂಗಡ್ಡೆ ಕೀಳಲು ಕೂಲಿಗೆ ಹೋಗಿದ್ದಳು. ಗೇಟಿನಲ್ಲಿ ಅವಳ ಪರವಾಗಿ ಯಾರೂ ಇರಲಿಲ್ಲ.

ಅಳಲಿಲ್ಲ ಎಂದೆನಲ್ಲ, ನಿಜವಾಗಿ ನೆನಪಿರುವುದು ಸಣಕಲು ತೋಳು ಮಾತ್ರ. ಮುಖ ನೋಡಿರಲಿಲ್ಲ. ಸೂಜಿಯಾದ ಮೇಲೆ ಅರ್ಧ ಗಂಟೆ ಅವಳನ್ನು ಜಗಲಿಯ ಮೇಲೆ, ಗೇಟಿಗೆ ಕಾಣುವಂತೆ ಕೂರಿಸಿದೆ.

"ಲೇ, ಎದ್ದು ಒಸಿ ಓಡಾಡೇ, ನೋಡಾನ!" ಗೇಟಿನಿಂದ ಒಬ್ಬಾಕೆ ಕೂಗಿದಳು.

ಅವಳು ಏಳಲಿಲ್ಲ. ಕೂತಲ್ಲೇ ಕೈ ಆಡಿಸಿ ತೋರಿಸಿದಳು.

"ಅಬ್ಬಾ, ಕೊಬ್ಬು ನೋಡು ಅವ್ಳ್ಗೆ! ಮಾರಾಣಿ ಕಣಮ್ಮಿ!" ಗೇಟು ನಕ್ಕಿತು. ನಾನೂ ನಕ್ಕೆ. ಆಮೇಲೆ ಅವರ ಮಕ್ಕಳು ಒಳಗೆ ಬಂದರು. ಯಾರಿಗೂ ಏನೂ ಆಗಲಿಲ್ಲ. ನನ್ನ ಮಗಳದು ಕೊನೆಯ ತೋಳು.

ಸಂಜೆ ಹುಡುಗಿಯ ಅವ್ವ ಮಣ್ಣುಗೈಯಲ್ಲೇ ಬಂದಳು.

"ನನ್ ಮಗೀನೇ ಯಾಕ್ ಸಾ ಮೊದ್ಲು?"

"ನಿನ್ನ ಮಗಳಿಗೆ ಧೈರ್ಯ ಜಾಸ್ತಿ ಕಣಮ್ಮ," ಎಂದೆ. ಈ ಕತೆಯನ್ನು ನಾನು ಮೊಟ್ಟಮೊದಲು ಹೇಳಿದ್ದು ಅವಳಿಗೇ.

"ಧೈರ್ಯ ಎಲ್ ಬಂತು ಸಾ? ಲಂಗ ಒದ್ದೆ ಮಾಡ್ಕಂಡು ಕುಂತಿದ್ಲಂತೆ. ಎದ್ರೆ ಎಲ್ರೂ ನಗ್ತಾರೆ ಅಂತ ಏಳ್ನೇ ಇಲ್ವಂತೆ."

ನಾನು ಏನೋ ಹೇಳಿರಬೇಕು. ಏನೆಂದು ನೆನಪಿಲ್ಲ. ಮರುದಿನ ಅವಳು ಕೂತಿದ್ದ ಜಗಲಿ ತೊಳೆಯಲು ಮಕ್ಕಳನ್ನು ಕರೆದಾಗ, ಅವಳೂ ಪೊರಕೆ ಹಿಡಿದು ಬಂದಿದ್ದು ನೆನಪಿದೆ.