ಪಕ್ಕದ ಕೋಶ

ಸಯನ್‌ನ ನಮ್ಮ ಚಾಳಿನ ಒತ್ತೊತ್ತಾದ ಕೋಣೆಗಳ ಸಾಲಿನಲ್ಲಿ, ನನ್ನ ಪಕ್ಕದ ಕೋಣೆಯಲ್ಲಿ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಒಬ್ಬರೇ ಇದ್ದರು. ದಾಸವಾಳ ಕೈಗೆ ಸಿಕ್ಕರೆ ಎಸಳು ಬಿಡಿಸಿ ತೋರಿಸದೆ ಬಿಡುತ್ತಿರಲಿಲ್ಲ.

“ಎಸಳಾಗುವ ಜೀನ್ ಎಲ್ಲಾ ಕೋಶದಲ್ಲೂ ಉಂಟು. ಆದ್ರೆ ತಾನು ಎಸಳಾಗ್ಬೇಕೋ ಕೇಸರ ಆಗ್ಬೇಕೋ ಅಂತ ಪಕ್ಕದ ಕೋಶವೂ ಹೇಳ್ಬೇಕು ಮಾರಾಯ್ತಿ. ಅದು ಸುಮ್ಮನಾದ್ರೆ ಹೂವೇ ಕೆಟ್ಟುಹೋಗ್ತದೆ” ಎನ್ನುತ್ತಿದ್ದರು.

ದಿನಾ ಬೆಳಿಗ್ಗೆ ನಮ್ಮಿಬ್ಬರ ನಡುವಿನ ಗೋಡೆಯನ್ನು ತಟ್ಟುವರು. ನಾನು ತಿರುಗಿ ತಟ್ಟಿದ ಮೇಲೆಯೇ ಅವರು ಚಹಾಕ್ಕೆ ನೀರಿಡುತ್ತಿದ್ದುದು.

ಚಾಳನ್ನು ಕೆಡವಿ ಟವರ್ ಕಟ್ಟುವುದೆಂದಾಯಿತು. ಮನೆಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಒಂದು ಬೆಳಿಗ್ಗೆ ಗೋಡೆಯಲ್ಲಿ ಸದ್ದಿಲ್ಲ. ನಾನೇ ತಟ್ಟಿದೆ. ಉತ್ತರವಿಲ್ಲ. ಓಡಿಹೋಗಿ ಬಾಗಿಲು ನೂಕಿದೆ.

ಮೇಡಂ ಆಚೆ ಬದಿಯ ಗೋಡೆಗೆ ಕಿವಿಯಿಟ್ಟು ನಿಂತಿದ್ದರು. ಅದರಾಚೆಯ ಮನೆಯವರು ಹಿಂದಿನ ದಿನವಷ್ಟೇ ಖಾಲಿ ಮಾಡಿ ಚೆಂಬೂರಿಗೆ ಹೋಗಿದ್ದರು. ಮೇಡಂ ಮುಖ ಬಿಳಿಚಿಕೊಂಡಿತ್ತು.

“ಎಷ್ಟು ತಟ್ಟಿದ್ರೂ ಈ ಕಡೆಯಿಂದ ಏನೂ ಕೇಳುದಿಲ್ಲ ಮಾರಾಯ್ತಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀನು ಇರ್ತೀಯಲ್ಲ?” ಎಂದು ಕೇಳಿದರು.

ನಮ್ಮ ಸಾಮಾನು ಒಯ್ಯಲು ಟೆಂಪೊ ಮರುದಿನ ಬರುವುದಿತ್ತು.

ನಾನು ಸುಮ್ಮನಾದೆ.